ಮೊದಲು ಕನ್ನಡದಲ್ಲಿ ಹೇಳು

ಹೋದ ವಾರ ಕೊನೆಯ ವರ್ಷದ ಬಿ.ಎ., ಬಿ.ಕಾಂ. ಮಕ್ಕಳಿಂದ ರೆಸ್ಯೂಮ್ ತರಿಸಿಕೊಂಡೆ. ಕೈಗೆ ಬಂದದ್ದು 62. ಮನೆಗೆ ತಂದು ರಾತ್ರಿ ಕೂತು ಓದಿದರೆ ಎಲ್ಲವೂ ಒಂದೇ. ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾವತ್ತೋ ಯಾರೋ ಮಾಡಿಟ್ಟ ಒಂದು ಫೈಲು. ಹೆಸರು, ಊರು, ಪರ್ಸೆಂಟೇಜು ಬದಲಿಸಿ 30 ರೂಪಾಯಿಗೆ ಪ್ರಿಂಟ್ ತೆಗೆದುಕೊಡುತ್ತಾರೆ. ಹವ್ಯಾಸ ಅನ್ನೋ ಕಡೆ ಎಲ್ಲರದ್ದೂ ಹಾಡು ಕೇಳುವುದು, ಕ್ರಿಕೆಟ್ ನೋಡುವುದು. ಅನುಭವ ಅನ್ನೋ ಕಡೆ ಎಲ್ಲರದ್ದೂ ‘ಇಲ್ಲ’. ಒಬ್ಬ ಹುಡುಗಿಯ ಹಾಳೆಯಲ್ಲಂತೂ ತಂದೆಯ ಹೆಸರಿನ ಜಾಗದಲ್ಲಿ ಬೇರೆ ಯಾರದ್ದೋ ಹೆಸರು ಹಾಗೇ ಉಳಿದಿತ್ತು.

ಮಾರನೇ ದಿನ ಕರೆದು ತೋರಿಸಿದೆ. ಮುಖ ಬಾಡಿಹೋಯಿತು. “ಅಂಗಡಿಯೋರು ಸರಿಯಾಗೇ ಮಾಡಿರ್ತಾರೆ ಅಂದ್ಕೊಂಡೆ ಮೇಡಂ, ನಾನು ಓದ್ಲೇ ಇಲ್ಲ” ಅಂದಳು. ಬೈಯೋಕೆ ಮನಸ್ಸಾಗಲಿಲ್ಲ. ಕೂರಿಸಿಕೊಂಡು ಮನೆ ವಿಷಯ ಕೇಳಿದೆ. ಅವಳ ಅಮ್ಮ ಊರಿನ ಸ್ತ್ರೀಶಕ್ತಿ ಸಂಘದಲ್ಲಿದ್ದಾರೆ. ಅಮ್ಮನಿಗೆ ಓದು ಬರೆಹ ಅಷ್ಟಾಗಿ ಇಲ್ಲ. ಪಿಯುಸಿಯಿಂದಲೂ ಸಂಘದ ಉಳಿತಾಯದ ಲೆಕ್ಕ, ಸಾಲದ ಲೆಕ್ಕ, ನಡಾವಳಿ ಪುಸ್ತಕ ಎಲ್ಲ ಬರೆಯುವವಳು ಇವಳೇ. ಕಂತು ಕಟ್ಟದವರ ಮನೆಗೆ ಹೋಗಿ ಕೇಳಿಕೊಂಡು ಬರುವುದೂ ಇವಳೇ. “ಇದನ್ನ ಯಾಕಮ್ಮ ಬರೀಲಿಲ್ಲ?” ಅಂದೆ. “ಅದೇನು ಕೆಲ್ಸನಾ ಮೇಡಂ?” ಅಂದಳು.

ಆ ಪ್ರಶ್ನೆಯೇ ಒಂದು ವಾರದಿಂದ ತಲೆಯಲ್ಲಿ ಕೂತಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಆರು ವರ್ಷದಿಂದ ಪ್ಲೇಸ್‌ಮೆಂಟ್ ಸೆಲ್ ನನ್ನ ಕೈಯಲ್ಲಿದೆ. ರಾಜ್ಯದಲ್ಲಿ ಇಂಥ ಕಾಲೇಜುಗಳು 400ಕ್ಕೂ ಹೆಚ್ಚು. ನಾನು ಬಲ್ಲ ಕಾಲೇಜುಗಳಲ್ಲೆಲ್ಲ ಈ ಸೆಲ್ ಇದೆ, ಬೋರ್ಡೂ ಇದೆ. ಆದರೆ ಅದಕ್ಕೆಂದೇ ಒಬ್ಬ ವ್ಯಕ್ತಿ ಇಲ್ಲ. ವಾರಕ್ಕೆ 16 ಗಂಟೆ ಪಾಠ, ಇಂಟರ್ನಲ್ಸ್, ಪರೀಕ್ಷಾ ಕೆಲಸ, ಚುನಾವಣೆ ಡ್ಯೂಟಿ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ನಾವು ಉದ್ಯೋಗ ಮಾರ್ಗದರ್ಶನ ಮಾಡಬೇಕು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಬಂದಾಗ ಐದನೇ ಮಾನದಂಡದಲ್ಲಿ ವಿದ್ಯಾರ್ಥಿಗಳ ಪ್ರಗತಿ ಏನು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ ಕೇಳುತ್ತಾರೆ. ಕೇಳಲಿ, ಕೇಳಲೇಬೇಕು. ಆದರೆ ಆ ಕಾಲಂ ತುಂಬಿಸುವ ಅವಸರದಲ್ಲಿ ವರ್ಷಕ್ಕೊಂದು ಉದ್ಯೋಗ ಮೇಳ, ಎರಡು ಅತಿಥಿ ಉಪನ್ಯಾಸ, ಜಿಯೋ ಟ್ಯಾಗ್ ಇರುವ ನಾಲ್ಕು ಫೋಟೊ, ಇಷ್ಟರಲ್ಲೇ ಸೆಲ್‌ನ ಕೆಲಸ ಮುಗಿದುಹೋಗುತ್ತದೆ. ಜೆರಾಕ್ಸ್ ಅಂಗಡಿಯ ಹಾಳೆ ಹಿಡಿದುಕೊಂಡೇ ಮಕ್ಕಳು ಗೇಟು ದಾಟುತ್ತಾರೆ.

ಮೊದಲ ಎರಡು ವರ್ಷ ನಾನೂ ಹಾಗೇ ಮಾಡಿದೆ. ಬೆಂಗಳೂರಿನಿಂದ ಸಾಫ್ಟ್ ಸ್ಕಿಲ್ಸ್ ತರಬೇತುದಾರರನ್ನು ಕರೆಸಿದೆ. ಕೈ ಕುಲುಕುವುದು ಹೇಗೆ, ಕುರ್ಚಿಯಲ್ಲಿ ಕೂರುವುದು ಹೇಗೆ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವುದು ಹೇಗೆ ಅಂತ ಇಂಗ್ಲಿಷಿನಲ್ಲಿ ಎರಡು ಗಂಟೆ ಹೇಳಿದರು. ಮಕ್ಕಳು ಮೌನವಾಗಿ ಕೂತು ಕೇಳಿದರು. ಮುಂದಿನ ವಾರ ಅಣಕು ಸಂದರ್ಶನದಲ್ಲಿ ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’ ಅಂದ ಕೂಡಲೇ ಹೆಸರು, ಅಪ್ಪನ ಹೆಸರು, ಊರು ಹೇಳಿ ನಿಂತುಬಿಟ್ಟರು. ಒಬ್ಬ ಹುಡುಗನ ಕೈ ಮೇಜಿನ ಮೇಲೆ ನಡುಗುತ್ತಿತ್ತು. ತರಗತಿಯಲ್ಲಿ ತಕ್ಕಮಟ್ಟಿಗೆ ಓದುವವನೇ. ನಾನು ಇಂಗ್ಲಿಷ್ ಬಿಟ್ಟು, “ಬೆಳಿಗ್ಗೆ ಎದ್ದು ಏನ್ ಮಾಡ್ತೀಯಪ್ಪ?” ಅಂದೆ.

“ಡೇರಿಗೆ ಹೋಗ್ತೀನಿ ಮೇಡಂ.”

“ಹಾಲು ಹಾಕೋಕಾ?”

“ಇಲ್ಲ ಮೇಡಂ, ನಮ್ಮ ಚಿಕ್ಕಪ್ಪ ಟೆಸ್ಟರ್. ಅವ್ರಿಗೆ ಹುಷಾರಿಲ್ಲ, ಒಂದು ವರ್ಷದಿಂದ ನಾನೇ ನೋಡ್ಕೋತಿದೀನಿ.”

ಅಲ್ಲಿಂದ ಅವನ ಮಾತು ನಿಲ್ಲಲೇ ಇಲ್ಲ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ಪ್ರತಿಯೊಬ್ಬರ ಹಾಲಿನ ಸ್ಯಾಂಪಲ್ ತೆಗೆದು ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಬೇಕು. ಅದರ ಮೇಲೆ ದರ ನಿಲ್ಲುತ್ತದೆ. ಒಂದು ಪಾಯಿಂಟ್ ಕಮ್ಮಿ ಬಂದರೂ “ನಾನು ನೀರು ಬೆರೆಸಿದೀನಿ ಅಂತೀಯೇನೋ” ಅಂತ ಜಗಳಕ್ಕೇ ಬರುತ್ತಾರೆ. “ಆಗ ಏನ್ ಮಾಡ್ತೀಯ?” ಅಂದೆ. “ಜಗಳ ಆಡಲ್ಲ ಮೇಡಂ. ಅವ್ರ ಮುಂದೆನೇ ಇನ್ನೊಂದ್ಸಲ ಸ್ಯಾಂಪಲ್ ಹಾಕಿ, ರೀಡಿಂಗ್ ಅವ್ರ ಕೈಲೇ ಓದಿಸ್ತೀನಿ. ಹಸು ಏನು ತಿಂತು ಅಂತ ಕೇಳ್ತೀನಿ. ಮೇವು ಬದಲಾದ್ರೆ ಫ್ಯಾಟ್ ಬದಲಾಗುತ್ತೆ.” ಕೈ ನಡುಗುವುದು ಯಾವಾಗ ನಿಂತಿತೋ ಅವನಿಗೂ ಗೊತ್ತಾಗಲಿಲ್ಲ.

ಯಾವ ಕಂಪನಿ ಇಂಥ ಹುಡುಗನನ್ನು ಬೇಡ ಅನ್ನುತ್ತದೆ ಹೇಳಿ. ಅಳತೆಯಲ್ಲಿ ನಿಖರತೆ, ಹೊತ್ತಿಗೆ ಸರಿಯಾಗಿ ಹಾಜರಿ, ಸಿಟ್ಟು ಬಂದ ಗಿರಾಕಿಯನ್ನು ಸಮಾಧಾನ ಮಾಡುವ ತಾಳ್ಮೆ. ಉದ್ಯೋಗ ಕೌಶಲ ಅಂತ ದೊಡ್ಡ ಹೆಸರಿಟ್ಟು ಕರೆಯುವುದೆಲ್ಲ ಅವನಲ್ಲಿತ್ತು. ಅದು ಕೌಶಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಅಂದಿನಿಂದ ನಮ್ಮ ಸೆಲ್‌ನಲ್ಲಿ ಒಂದು ನಿಯಮ: ಮೊದಲು ಕನ್ನಡದಲ್ಲಿ ಹೇಳು. ಏನು ಮಾಡಿದ್ದೀಯ, ಎಲ್ಲಿ ತೊಡಕಾಯಿತು, ನೀನು ಏನು ಮಾಡಿದೆ, ಆಮೇಲೆ ಏನಾಯಿತು. ಇದನ್ನು ಮನೆಯಲ್ಲಿ ಮಾತಾಡುವ ಹಾಗೆ ಐದು ನಿಮಿಷ ಹೇಳಬೇಕು. ಅದನ್ನೇ ಎರಡು ನಿಮಿಷಕ್ಕೆ ಇಳಿಸಬೇಕು. ಆಮೇಲೆ ಇಂಗ್ಲಿಷ್. ಹೇಳುವ ವಿಷಯ ಕೈಯಲ್ಲಿದ್ದರೆ ಇಂಗ್ಲಿಷ್ ಎಂಟು ಹತ್ತು ವಾಕ್ಯದ ಮಾತು. ವಿಷಯವೇ ಇಲ್ಲದೆ ಬರೀ ಇಂಗ್ಲಿಷ್ ಕಲಿಸಲು ಹೊರಟರೆ ಮಕ್ಕಳು ಯಾರದ್ದೋ ವಾಕ್ಯವನ್ನು ಬಾಯಿಪಾಠ ಮಾಡುತ್ತಾರೆ. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು, ಖಂಡಿತ ಬೇಕು. ಯಾವುದು ಮೊದಲು ಅನ್ನುವುದರಲ್ಲಿ ನಾವು ಎಡವುತ್ತಿದ್ದೇವೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಈ ವಿಷಯ ಹೇಳಿದಾಗ, “ಮೇಡಂ, ಇಲ್ಲೂ ಇದನ್ನೇ ಕೇಳ್ತಾರೆ, ಇದಕ್ಕೆ ಸ್ಟಾರ್ ಅಂತ ಹೆಸರು” ಅಂದಳು. ಸನ್ನಿವೇಶ, ಹೊಣೆ, ಮಾಡಿದ ಕೆಲಸ, ಫಲಿತಾಂಶ, ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಸ್ಟಾರ್. ಅಲ್ಲಿ ವಿಶ್ವವಿದ್ಯಾಲಯಗಳಲ್ಲಿ ಕರಿಯರ್ಸ್ ಸರ್ವಿಸ್ ಅಂತ ಪ್ರತ್ಯೇಕ ವಿಭಾಗವೇ ಇರುತ್ತದೆ, ಆ ಕೆಲಸಕ್ಕೇ ನೇಮಕವಾದವರು ಇರುತ್ತಾರೆ. ಅವಳು ಹೊತ್ತು ಗೊತ್ತು ಮಾಡಿಕೊಂಡು ಹೋದಳಂತೆ. ಎದುರು ಕೂತವರು ಅವಳ ಸಿ.ವಿ.ಯನ್ನು ಸಾಲು ಸಾಲಾಗಿ ಓದಿ ‘ಇದು ನಿಜವಾಗಿ ನೀನು ಮಾಡಿದ್ದಾ, ಹೇಗೆ ಮಾಡಿದೆ’ ಅಂತ ಕೇಳಿದರಂತೆ. ಕೆಲಸ ಕೊಡಿಸುತ್ತೇವೆ ಅಂತ ಅವರು ಹೇಳಲೇ ಇಲ್ಲವಂತೆ. ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ಪದವಿ ಮುಗಿಸಿ ಸುಮಾರು 15 ತಿಂಗಳಾದ ಮೇಲೆ ಅಲ್ಲಿನ ಪದವೀಧರರನ್ನು ಸಂಪರ್ಕಿಸಿ, ಈಗ ಏನು ಮಾಡುತ್ತಿದ್ದೀರಿ ಅಂತ ಕೇಳುವ ಸಮೀಕ್ಷೆ ದೇಶದಾದ್ಯಂತ ನಡೆಯುತ್ತದೆ. ನಮ್ಮಲ್ಲಿ ಆಫರ್ ಲೆಟರ್ ಕೈಗೆ ಬಂದ ದಿನ ಫೋಟೊ ತೆಗೆಯುತ್ತೇವೆ. ಹದಿನೈದು ತಿಂಗಳಿರಲಿ, ಮೂರು ತಿಂಗಳ ಮೇಲೆ ಆ ಹುಡುಗ ಎಲ್ಲಿದ್ದಾನೆ ಅಂತ ಯಾರೂ ಕೇಳುವುದಿಲ್ಲ.

ಕೇಳಿದ್ದರಿಂದ ನನಗೇ ಒಂದು ಕಹಿ ಸತ್ಯ ಗೊತ್ತಾಯಿತು. ಒಮ್ಮೆ ನಮ್ಮಲ್ಲಿಗೆ ಬಂದ ಕಂಪನಿಯೊಂದು ‘ಬ್ಯಾಂಕಿಂಗ್ ಕೆಲಸ’ ಅಂತ ಹೇಳಿ ಒಂದೇ ದಿನ ಇಪ್ಪತ್ತು ಜನರನ್ನು ಆಯ್ಕೆ ಮಾಡಿತು. ನಾವೆಲ್ಲ ಸಿಹಿ ಹಂಚಿದೆವು. ಎರಡು ತಿಂಗಳು ಬಿಟ್ಟು ಫೋನ್ ಮಾಡಿದರೆ ಇಬ್ಬರನ್ನು ಬಿಟ್ಟು ಎಲ್ಲರೂ ಊರಿಗೆ ವಾಪಸ್ ಬಂದಿದ್ದರು. ಕೆಲಸ ಬ್ಯಾಂಕಿನದ್ದಲ್ಲ, ಬಿಸಿಲಲ್ಲಿ ಅಲೆದು ಕಾರ್ಡ್ ಮಾರುವುದು. ಟಾರ್ಗೆಟ್ ಆಗದಿದ್ದರೆ ಸಂಬಳ ಕಡಿತ. ಸೇರುವಾಗ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರು, ಅವನ್ನು ಬಿಡಿಸಿಕೊಂಡು ಬರಲು ನಾನೇ ಎರಡು ಸಲ ಬೆಂಗಳೂರಿಗೆ ಹೋದೆ. ಆ ಮಕ್ಕಳನ್ನು ಕಳಿಸಿದ್ದು ನಾನು. ಅವರ ತಂದೆತಾಯಿ ನಂಬಿದ್ದು ಕಂಪನಿಯನ್ನಲ್ಲ, ಕಾಲೇಜನ್ನು.

ಈಗ ಯಾವ ಕಂಪನಿ ಬಂದರೂ ಒಳಗೆ ಬಿಡುವ ಮೊದಲು ಬರವಣಿಗೆಯಲ್ಲಿ ಕೇಳುತ್ತೇನೆ: ಖಚಿತ ಸಂಬಳ ಎಷ್ಟು, ಇನ್ಸೆಂಟಿವ್ ಎಷ್ಟು, ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ನೌಕರರ ಆರೋಗ್ಯ ವಿಮೆ) ಇದೆಯಾ, ರಾತ್ರಿ ಪಾಳಿಗೆ ಗಾಡಿ ಇದೆಯಾ, ಡೆಪಾಸಿಟ್ ಕೇಳುತ್ತೀರಾ, ಮೂಲ ದಾಖಲೆ ಇಟ್ಟುಕೊಳ್ಳುತ್ತೀರಾ. ಕೆಲವರು ಮತ್ತೆ ಫೋನೇ ಮಾಡುವುದಿಲ್ಲ. ಒಳ್ಳೆಯದೇ ಆಯಿತು. ಮಕ್ಕಳಿಗೂ ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಸಿಟಿಸಿ ಅಂದರೆ ಒಬ್ಬ ನೌಕರನ ಮೇಲೆ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ಖರ್ಚು. 2.4 ಲಕ್ಷ ಸಿಟಿಸಿ ಅಂದರೆ ತಿಂಗಳಿಗೆ 20 ಸಾವಿರ ಕೈಗೆ ಬರುತ್ತದೆ ಅಂತ ಹೆಚ್ಚಿನವರು ತಿಳಿದಿರುತ್ತಾರೆ. ಮೂಲ ವೇತನ 10 ಸಾವಿರ ಅಂತ ಇಟ್ಟುಕೊಂಡರೆ ಪಿಎಫ್‌ಗೆ ನೌಕರನ ಪಾಲು 1,200, ಮಾಲೀಕನ ಪಾಲು 1,200. ಆ ಮಾಲೀಕನ ಪಾಲೂ ಸಿಟಿಸಿಯ ಒಳಗೇ ಸೇರಿರುತ್ತದೆ. ಇಎಸ್‌ಐ, ಗ್ರಾಚ್ಯುಟಿ ತೆಗೆದರೆ ಕೈಗೆ ಬರುವುದು ಹದಿನಾರು ಹದಿನೇಳು ಸಾವಿರ. ಅದರಲ್ಲಿ ಬೆಂಗಳೂರಿನ ಪಿಜಿ, ಊಟ, ಓಡಾಟ ಕಳೆದು ಮನೆಗೆ ಎಷ್ಟು ಕಳಿಸಬಹುದು? ಈ ಲೆಕ್ಕ ಹಾಕಲು ಬರುವುದೂ ಉದ್ಯೋಗ ಕೌಶಲವೇ ಅಂತ ನಾನು ನಂಬಿದ್ದೇನೆ.

ನಮ್ಮಲ್ಲಿ ಹೆಣ್ಣುಮಕ್ಕಳೇ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಜಿಲ್ಲಾ ಕೇಂದ್ರಕ್ಕೆ ಸಂದರ್ಶನಕ್ಕೆ ಹೋಗಲು ಅವರಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ. ಆದರೆ ಸಂದರ್ಶನ ಗೆದ್ದ ಮೇಲಿನ ದೊಡ್ಡ ಸಂದರ್ಶನ ಮನೆಯಲ್ಲಿ ನಡೆಯುತ್ತದೆ. ಹೋದ ವರ್ಷ ಒಬ್ಬ ತಂದೆ ಸಂತೆ ಚೀಲ ಹಿಡಿದು ನೇರ ಸ್ಟಾಫ್ ರೂಮಿಗೆ ಬಂದರು. “ಮಗೂನ ಕಳಿಸೋದಕ್ಕೆ ಆಗಕಿಲ್ಲ ಮೇಡಂ, ಅಲ್ಲಿ ಯಾರವ್ರೆ ನಮ್ಮೋರು?” ಅಂದರು. ವಾದ ಮಾಡಲಿಲ್ಲ. ಎರಡು ವರ್ಷದ ಹಿಂದೆ ಪಾಸಾಗಿ ಅದೇ ಕಡೆ ಕೆಲಸದಲ್ಲಿರುವ ನಮ್ಮ ಹುಡುಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಅವರ ಮುಂದಿಟ್ಟೆ. “ರಾತ್ರಿ ಎಷ್ಟೊತ್ತಿಗೆ ರೂಮಿಗೆ ಬತ್ತೀಯವ್ವ? ಬಾಗಿಲು ಭದ್ರ ಐತಾ? ಹುಷಾರು ತಪ್ಪಿದ್ರೆ ಯಾರು ನೋಡ್ತಾರೆ?” ಹೀಗೆ ಅರ್ಧ ಗಂಟೆ ಕೇಳಿದರು. ಅವಳು ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟಳು. ಮುಂದಿನ ಸೋಮವಾರ ಮಗಳನ್ನು ತಾವೇ ಕರೆದುಕೊಂಡು ಹೋಗಿ ಬಿಟ್ಟು ಬಂದರು.

ಪದವಿ ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಎರಡು ವರ್ಷದವರೆಗೆ ಸಿಗುತ್ತದೆ. ಬಡ ಮನೆಗೆ ಅದು ದೊಡ್ಡ ಆಸರೆ, ನಮ್ಮ ಮಕ್ಕಳೇ ಅದರಿಂದ ಪರೀಕ್ಷೆಗಳ ಅರ್ಜಿ ಶುಲ್ಕ ಕಟ್ಟಿದ್ದನ್ನು ನೋಡಿದ್ದೇನೆ. ನನ್ನ ಚಿಂತೆ ಆ ಮೊದಲ 180 ದಿನದ್ದು. ಮಕ್ಕಳಿಗೆ ಅತಿ ಹೆಚ್ಚು ಮಾರ್ಗದರ್ಶನ ಬೇಕಾದ ಆರು ತಿಂಗಳಲ್ಲಿ ಅವರು ಕಾಲೇಜಿನ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ, ಯಾವ ಕಚೇರಿಯ ಪಟ್ಟಿಯಲ್ಲೂ ಇರುವುದಿಲ್ಲ. ಆ ಹೊತ್ತಿಗೆ ಒಂದು ದಾರಿ ಅಪ್ರೆಂಟಿಸ್‌ಶಿಪ್, ಅಂದರೆ ಸ್ಟೈಪೆಂಡ್ ಪಡೆಯುತ್ತಲೇ ಕೆಲಸ ಕಲಿಯುವುದು. ಅದು ಎಂಜಿನಿಯರಿಂಗ್‌ನವರಿಗೆ ಮಾತ್ರ ಅಂತ ಈಗಲೂ ತಿಳಿದವರಿದ್ದಾರೆ. ಅಪ್ರೆಂಟಿಸ್ ಕಾಯ್ದೆಯ 2014ರ ತಿದ್ದುಪಡಿಯ ಮೇಲೆ ಬಿ.ಎ., ಬಿ.ಕಾಂ.ನವರಿಗೂ ಅದು ತೆರೆದಿದೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್ ನಿಗದಿಯಾಯಿತು. ಇದನ್ನು ಕೊನೆಯ ಸೆಮಿಸ್ಟರಿನಲ್ಲೇ ಹೇಳಿ, ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ ಕಳಿಸಲು ಒಬ್ಬರು ಬೇಕು. ಪ್ರತಿ ಕಾಲೇಜಿಗೂ ಆಗದಿದ್ದರೆ ತಾಲ್ಲೂಕಿಗೊಬ್ಬರು ಪೂರ್ಣಾವಧಿ ಉದ್ಯೋಗ ಮಾರ್ಗದರ್ಶಕರನ್ನು ಕೊಡಿ ಅಂತ ಇಲಾಖೆಯನ್ನು ಕೈಮುಗಿದು ಕೇಳುತ್ತೇನೆ. ಅವರು ಮೊದಲ ಸೆಮಿಸ್ಟರಿನಿಂದಲೇ ಮಕ್ಕಳ ಜೊತೆ ಕೂರಲಿ.

ಅಲ್ಲಿಯವರೆಗೆ ಸುಮ್ಮನಿರುವ ಹಾಗಿಲ್ಲ. ಶನಿವಾರ ಮಧ್ಯಾಹ್ನ ಎರಡರಿಂದ ನಾಲ್ಕು, ಸಸ್ಯಶಾಸ್ತ್ರ ಪ್ರಯೋಗಾಲಯದ ಪಕ್ಕದ ಕೋಣೆಯಲ್ಲಿ ಆ 62 ಜನರ ರೆಸ್ಯೂಮನ್ನು ಹೊಸದಾಗಿ ಬರೆಸುತ್ತಿದ್ದೇವೆ. ಇದನ್ನು ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಬೆಂಗಳೂರಲ್ಲಿರಲಿ, ದುಬೈಯಲ್ಲಿರಲಿ, ಒಂದು ಶನಿವಾರ ಒಂದು ಗಂಟೆ ಫೋನಿನಲ್ಲಿ ಸಿಗಿ. ಒಬ್ಬೊಬ್ಬರಿಗೆ ಇಬ್ಬರಂತೆ ಕೊಡುತ್ತೇನೆ. ಮೊದಲು ಕನ್ನಡದಲ್ಲಿ ಕೇಳಿ, ಆಮೇಲೆ ಇಂಗ್ಲಿಷಿನಲ್ಲಿ. ಸಂಘದ ಲೆಕ್ಕ ಬರೆಯುವ ಹುಡುಗಿಯ ಹೊಸ ಹಾಳೆ ಸಿದ್ಧವಾಗಿದೆ. ಅವಳಪ್ಪನ ಹೆಸರನ್ನು ಅವಳೇ ಟೈಪ್ ಮಾಡಿದ್ದಾಳೆ. ಮೊದಲ ಕರೆ ಅವಳಿಗೇ ಮಾಡಿ.