ಆಲೂಗಡ್ಡೆ ಮೂಟೆ ಕಲಿಸಿದ ನಿಲುವು

ನನ್ನ ಎತ್ತರ 4 ಅಡಿ 11 ಇಂಚು. ಕರಾಟೆಗೆ ಸೇರಿದ್ದು ಏಳನೇ ಕ್ಲಾಸಿನಲ್ಲಿ, ಹಾಸನದಲ್ಲಿ. ಊರಿಂದ ಬೆಳಗಿನ ಮೊದಲ ಬಸ್ಸಿಗೆ ಬಂದು, ಪ್ರಾಕ್ಟೀಸ್ ಮುಗಿಸಿ, ಬೆವರಿನ ಬಿಳಿ ಬಟ್ಟೆಯನ್ನು ಬ್ಯಾಗಿಗೆ ತುರುಕಿಕೊಂಡು ಸ್ಕೂಲಿಗೆ ಓಡುತ್ತಿದ್ದೆ. ಈಗ ನನಗೆ 39. ಇಷ್ಟು ವರ್ಷ ನಾನು ಮನಸ್ಸಿನಲ್ಲೇ ಹೊತ್ತು ತಿರುಗಿದ ಪ್ರಶ್ನೆಯನ್ನು ಮೊನ್ನೆ ಭಾನುವಾರ ನಮ್ಮ ಕ್ಲಾಸಿನ ಹುಡುಗಿಯೊಬ್ಬಳು ನೇರವಾಗಿ ಕೇಳಿಬಿಟ್ಟಳು. "ಅಕ್ಕಾ, ನಂದೇ ಅಂತ ಒಂದು ಸ್ಟೈಲ್ ಯಾವಾಗ ಬರುತ್ತೆ?"

ಎರಡು ಮಾತು ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಮಕ್ಕಳನ್ನು ಕರಾಟೆಗೆ ಕಳಿಸುವ ಅಪ್ಪ ಅಮ್ಮಂದಿರು ಓದಬೇಕು. ಕಲಿಸುವ ಮಾಸ್ಟರುಗಳಂತೂ ಓದಲೇಬೇಕು.

ಕರಾಟೆಯ ಪದ್ಧತಿಗಳಲ್ಲಿ ನಮ್ಮದು ಶೊಟೊಕಾನ್. ಕಟಾ ಅಂದರೆ ಒಬ್ಬರೇ ಮಾಡುವ, ಮೊದಲೇ ಗೊತ್ತುಮಾಡಿದ ವರಸೆಗಳ ಸರಣಿ. ಮೊದಲು ಕಲಿಸುವ ಕಟಾ ಹೇಯಾನ್ ಶೋದಾನ್, 21 ಚಲನೆ. ಎಡಕ್ಕೆ ತಿರುಗಿ ಕೆಳಗಿನ ಬ್ಲಾಕ್, ಒಂದು ಹೆಜ್ಜೆ ಮುಂದಿಟ್ಟು ಪಂಚ್, ಹಿಂದಕ್ಕೆ ತಿರುಗಿ ಮತ್ತೆ ಅದೇ. ವರ್ಷಗಟ್ಟಲೆ ಮಾಡಿದೆವು, ನನಗೆ ಒಂದು ದಿನವೂ ಬೇಸರ ಬರಲಿಲ್ಲ. ಸಮಸ್ಯೆ ಶುರುವಾಗಿದ್ದು ಕುಮಿಟೆಯಲ್ಲಿ, ಅಂದರೆ ಎದುರಾಳಿಯ ಜೊತೆ ಆಡುವಾಗ. ಸ್ಪರ್ಧೆಯ ಲೆಕ್ಕದಲ್ಲಿ ಪಂಚಿಗೆ 1 ಪಾಯಿಂಟ್, ಹೊಟ್ಟೆ ಬೆನ್ನಿಗೆ ಬೀಳುವ ಕಿಕ್ಕಿಗೆ 2, ತಲೆ ಮಟ್ಟದ ಕಿಕ್ಕಿಗೆ 3. ಉದ್ದ ಕಾಲಿನವರು ದೂರದಲ್ಲೇ ಕುಣಿಯುತ್ತಾ ನಿಂತು 3 ಪಾಯಿಂಟ್ ಎತ್ತಿಕೊಂಡು ಹೋಗುತ್ತಿದ್ದರು. ನನ್ನ ಕಾಲು ಅವರ ಎದೆಗೆ ಮುಟ್ಟಿದರೆ ಅದೇ ದೊಡ್ಡದು.

ಬ್ರೌನ್ ಬೆಲ್ಟ್ ಟೆಸ್ಟಿನ ದಿನ ಪರೀಕ್ಷೆ ಮಾಡಲು ಬಂದಿದ್ದವರೊಬ್ಬರು ಎಲ್ಲರೆದುರು ನನ್ನ ಮಾವಾಶಿ ಗೇರಿಯನ್ನು, ಅಂದರೆ ಪಕ್ಕದಿಂದ ಬೀಸಿ ಒದೆಯುವ ಕಿಕ್ಕನ್ನು, ನಿಲ್ಲಿಸಿ, "ಕಾಲು ತಲೆವರೆಗೂ ಹೋಗದೆ ಇದ್ದರೆ ಭರತನಾಟ್ಯಕ್ಕೆ ಸೇರಿಕೊಳ್ಳಮ್ಮ" ಅಂದರು. ಎಲ್ಲರೂ ನಕ್ಕರು. ಪಾಸೇನೋ ಮಾಡಿದರು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತು. (ಭರತನಾಟ್ಯದವರ ಅರೆಮಂಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿದವರು ಯಾರೂ ಆ ಮಾತು ಆಡಲಾರರು.)

ಅದು ಆಲೂಗಡ್ಡೆ ಕೀಳುವ ಕಾಲ. ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಮೇ ತಿಂಗಳಲ್ಲಿ ಜಲಂಧರಿನ ಬಿತ್ತನೆ ಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತೆ, ಮೊದಲ ಮಳೆಗೆ ನೆಡುತ್ತೇವೆ, ಮೂರು ತಿಂಗಳಿಗೆ ಕೀಳುತ್ತೇವೆ. ಟೆಸ್ಟ್ ಮುಗಿಸಿ ಬಂದವಳು ಬಟ್ಟೆ ಬದಲಾಯಿಸಿ ಸೀದಾ ಹೊಲಕ್ಕೆ ಹೋದೆ. ಅಪ್ಪ, ದೊಡ್ಡಪ್ಪ ಇಬ್ಬರೂ ಮೂಟೆ ಕಟ್ಟುತ್ತಿದ್ದರು. ನನ್ನ ಮುಖ ನೋಡಿ ದೊಡ್ಡಪ್ಪ ಏನಾಯ್ತು ಅಂತ ಕೇಳಿದರು, ಹೇಳಿದೆ.

ದೊಡ್ಡಪ್ಪ ವಯಸ್ಸಿನಲ್ಲಿ ಗರಡಿಗೆ ಹೋದವರು. ಸುತ್ತಮುತ್ತ ಜಾತ್ರೆಗಳಲ್ಲಿ ಕುಸ್ತಿ ಆಡಿದ್ದರು. ನಾನು ನೋಡುವ ಹೊತ್ತಿಗೆ ಕಿವಿ ಮುದುಡಿ ಗಟ್ಟಿಯಾಗಿದ್ದೊಂದೇ ಅದರ ಗುರುತು. "ಎಲ್ಲಿ, ನನ್ ಒದಿ ನೋಡಣ" ಅಂದರು. ಕೆದಕಿದ ಮಣ್ಣಿನ ಮೇಲೆ ನಿಂತು ಒದ್ದೆ. ಒಂದು ಹೆಜ್ಜೆ ಒಳಗೆ ಬಂದರು, ಅಷ್ಟೇ. ಕಾಲು ಅವರ ಕಂಕುಳಲ್ಲಿತ್ತು, ನಾನು ನೆಲದ ಮೇಲಿದ್ದೆ.

ಎಬ್ಬಿಸಿ, ಮಣ್ಣು ಕೊಡವಿ ಹೇಳಿದ ಮಾತು ನನಗೆ ಇವತ್ತಿಗೂ ಅಕ್ಷರ ಅಕ್ಷರ ನೆನಪಿದೆ. "ನಿಂಗೆ ಕಾಲು ಗಿಡ್ಡ ಕಣವ್ವ. ಇರ್ಲಿ. ಅಷ್ಟ್ ದೂರ ಯಾಕ್ ನಿಂತ್ಕತೀಯ? ಮೂಟೆ ಎತ್ತಕ್ಕೆ ದೂರ ನಿಂತ್ಕತೀಯ?"

ಮೂಟೆ ಎತ್ತುವುದು ನನಗೆ ಚಿಕ್ಕಂದಿನಿಂದ ಗೊತ್ತಿದ್ದ ಕೆಲಸ. ಹತ್ತಿರ ಹೋಗಬೇಕು, ಪಾದ ಅಗಲಿಸಬೇಕು, ಸೊಂಟ ಮೂಟೆಗಿಂತ ಕೆಳಗಿಳಿಯಬೇಕು. ಬೆನ್ನಲ್ಲಿ ಎತ್ತಿದರೆ ಬೆನ್ನು ಹೋಯಿತು. ಆಮೇಲೆ ತೊಡೆಯಿಂದ ಏಳಬೇಕು. ಕರಾಟೆಯಲ್ಲಿ ಗ್ಯಾಕು ಜುಕಿ, ಅಂದರೆ ಹಿಂದಿನ ಕೈಯ ಪಂಚ್, ಹೊಡೆಯುವಾಗ "ಸೊಂಟ, ಸೊಂಟ" ಅಂತ ಮಾಸ್ಟರ್ ಕೂಗುತ್ತಿದ್ದದ್ದು ಇದನ್ನೇ ಅಂತ ಹೊಲದಲ್ಲಿ ಬಿದ್ದಾಗ ಅರ್ಥವಾಯಿತು. ಅಲ್ಲಿಂದ ಮುಂದೆ ಎರಡು ವರ್ಷ, ಬೆಳಗ್ಗೆ ಕ್ಲಾಸಿನಲ್ಲಿ ಕರಾಟೆ, ಸಂಜೆ ಹಿತ್ತಲಲ್ಲಿ ದೊಡ್ಡಪ್ಪನ ಜೊತೆ ಹತ್ತಿರ ಹೋಗುವ ಅಭ್ಯಾಸ. ಕೈಯನ್ನು ತಳ್ಳಿ ಒಳಗೆ ನುಗ್ಗುವುದು, ಎದೆಗೆ ಭುಜ ಕೊಡುವುದು, ಎದುರಿಗಿರುವವನ ತೂಕ ಯಾವ ಪಾದದ ಮೇಲಿದೆ ಅಂತ ಮೈಯಿಂದಲೇ ತಿಳಿಯುವುದು. ಹೆಣ್ಣುಮಕ್ಕಳಿಗೆ ಗರಡಿಯ ಒಳಗೆ ಪ್ರವೇಶವಿರಲಿಲ್ಲ. ಗರಡಿಯೇ ಹಿತ್ತಲಿಗೆ ಬಂತು ಅಂದುಕೊಳ್ಳುತ್ತೇನೆ.

ದೊಡ್ಡಪ್ಪ ಇನ್ನೊಂದು ಮಾತು ಹೇಳುತ್ತಿದ್ದರು. ಗರಡಿಯಲ್ಲಿ ಎಲ್ಲರಿಗೂ ಅದೇ ದಂಡ, ಅದೇ ಬಸ್ಕಿ, ಅದೇ ಪಟ್ಟು. ಪಟ್ಟು ಹಾಕುವಾಗ ಯಾವ ಉಸ್ತಾದರ ಹುಡುಗ ಅಂತ ಗೊತ್ತಾಗುತ್ತೆ, ಪಟ್ಟು ಬಿಡಿಸಿಕೊಳ್ಳುವಾಗ ಯಾರು ಅಂತ ಗೊತ್ತಾಗುತ್ತೆ.

ಬ್ಲ್ಯಾಕ್ ಬೆಲ್ಟ್ ಆದ ಮೇಲೆ ಓದಲು ಶುರು ಮಾಡಿದೆ. ಆಗ ಸಿಕ್ಕಿದ್ದು ಟೆಕ್ಕಿ ಕಟಾದ ಕತೆ. ಕರಾಟೆ ಮಾಡುವವರಿಗೆ ಈ ಕಟಾ ಗೊತ್ತು: ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಕುದುರೆ ಮೇಲೆ ಕೂತ ಹಾಗೆ ಅಗಲಿಸಿ ನಿಂತು, ಬರೀ ಅಡ್ಡಡ್ಡ ಸರಿಯುವುದು. ನನಗೆ ಮೊದಲ ದಿನವೇ ಇದು ಆಲೂಗಡ್ಡೆ ಸಾಲಿನಲ್ಲಿ ಬಗ್ಗಿ ಸರಿಯುವ ನಡಿಗೆ ಅನ್ನಿಸಿತ್ತು. ಜಪಾನಿನ ಒಕಿನಾವಾ ದ್ವೀಪದಲ್ಲಿ ಇದರ ಹಳೆಯ ಹೆಸರು ನೈಹಾಂಚಿ. ಶೊಟೊಕಾನ್ ಕಟ್ಟಿದ ಗಿಚಿನ್ ಫುನಾಕೊಶಿ ಮೂರು ಟೆಕ್ಕಿ ಕಟಾಗಳಿಗೇ 10 ವರ್ಷ ಕೊಟ್ಟವರು. ಅದೇ ಕಾಲದಲ್ಲಿ ಒಕಿನಾವಾದಲ್ಲಿ ಮೊತೊಬು ಚೋಕಿ ಅಂತ ಇನ್ನೊಬ್ಬರಿದ್ದರು. ಇಬ್ಬರೂ ಇತೊಸು ಅಂಕೊ ಎಂಬ ಗುರುವಿನ ಬಳಿ ಕಲಿತವರು, ಇಬ್ಬರಿಗೂ ಇದೇ ಕಟಾ ಪ್ರಾಣ. ಫುನಾಕೊಶಿ ಸ್ಕೂಲ್ ಮಾಸ್ತರು. 1922ರಲ್ಲಿ ಟೋಕಿಯೋಗೆ ಬಂದು, ಕರಾಟೆಯನ್ನು ನಡತೆ ತಿದ್ದುವ ವಿದ್ಯೆಯಾಗಿ ಕಟ್ಟಿದರು. ಮೊತೊಬು ಜಗಳಕ್ಕೆ ಹೆಸರಾದವರು. 50 ದಾಟಿದ ಮೇಲೆ ಕ್ಯೋಟೋದಲ್ಲಿ ವಿದೇಶಿ ಬಾಕ್ಸರ್ ಒಬ್ಬನನ್ನು ಕೆಡವಿದರು. ಒಬ್ಬರ ಕರಾಟೆ ಇನ್ನೊಬ್ಬರಿಗೆ ಸೇರುತ್ತಿರಲಿಲ್ಲ.

ಗುರು ಒಬ್ಬರೇ, ಕಟಾ ಒಂದೇ. ಎರಡು ಮೈಗೆ, ಎರಡು ಬದುಕಿಗೆ ಇಳಿದಾಗ ಎರಡಾಯಿತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಷ್ಟು ಸಮಾಧಾನವಾಗಿತ್ತು.

ನನ್ನ ಅಭಿಪ್ರಾಯ ಇಷ್ಟು: ಸ್ವಂತ ಶೈಲಿಯನ್ನು ಯಾರೂ ಅಂಗಡಿಯಲ್ಲಿ ಸೀರೆ ಆರಿಸಿದ ಹಾಗೆ ಆರಿಸಿಕೊಳ್ಳಲು ಬರುವುದಿಲ್ಲ. ಒಂದು ಪದ್ಧತಿಗೆ ಪೂರ್ತಿ ಒಪ್ಪಿಸಿಕೊಂಡು ವರ್ಷಗಟ್ಟಲೆ ಮಾಡುವಾಗ, ನಿಮ್ಮ ಮೈ ಎಲ್ಲಿ ಒಪ್ಪುತ್ತೆ, ಎಲ್ಲಿ ತಕರಾರು ತೆಗೆಯುತ್ತೆ ಅನ್ನುವುದು ಕಾಣುತ್ತೆ. ಆ ತಕರಾರಿನ ಜಾಗದಲ್ಲೇ ಅದು ಹುಟ್ಟುತ್ತೆ. ಜಪಾನಿನವರು ಇದಕ್ಕೆ ಶು, ಹಾ, ರಿ ಅಂತ ಮೂರು ಹಂತ ಹೇಳುತ್ತಾರೆ. ಮೊದಲು ಪಾಲಿಸು, ಆಮೇಲೆ ಮುರಿ, ಆಮೇಲೆ ಬಿಟ್ಟು ಹೊರಡು. ಶೋದಾನ್, ಅಂದರೆ ಮೊದಲ ಬ್ಲ್ಯಾಕ್ ಬೆಲ್ಟ್ ದರ್ಜೆ, ಆ ಪದದ ಅರ್ಥವೇ ಮೊದಲ ಮೆಟ್ಟಿಲು. ನಮ್ಮಲ್ಲಿ ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ಹೊಡೆದು, ಮಗುವನ್ನು ಮರುದಿನದಿಂದ ಟ್ಯೂಷನ್‌ಗೆ ಕಳಿಸುತ್ತೇವೆ. ಮೆಟ್ಟಿಲು ಹತ್ತಿಸಿ ಬಾಗಿಲು ಹಾಕಿದ ಹಾಗೆ. ದಯವಿಟ್ಟು ಹಾಗೆ ಮಾಡಬೇಡಿ.

ಇನ್ನೊಂದು ಕಡೆ, ಮೂರು ತಿಂಗಳಲ್ಲೇ "ನಂದು ಬ್ರೂಸ್ ಲೀ ದಾರಿ" ಅನ್ನುವ ಹುಡುಗರಿದ್ದಾರೆ. ಎರಡು ಕಿಕ್ ಅಲ್ಲಿಂದ, ಒಂದು ಬೀಳಿಸುವ ವರಸೆ ಮೊಬೈಲಿಂದ. ಬ್ರೂಸ್ ಲೀ ಹುಡುಗನಾಗಿದ್ದಾಗಲೇ ಹಾಂಗ್‌ಕಾಂಗಿನಲ್ಲಿ ಇಪ್ ಮಾನ್ ಅವರ ಬಳಿ ವಿಂಗ್ ಚುನ್ ಕಲಿತವರು. ತಮ್ಮ ದಾರಿಗೆ ಜೀತ್ ಕುನೆ ದೋ ಅಂತ ಹೆಸರಿಟ್ಟದ್ದು 1967ರಲ್ಲಿ, ಕಲಿಯಲು ಶುರುಮಾಡಿ ಹತ್ತಕ್ಕೂ ಹೆಚ್ಚು ವರ್ಷವಾದ ಮೇಲೆ. ಬಿಡಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ!

ಮೈಯ ಕೊರತೆ ಅಂತ ಬೇಸರಪಡುವ ಮಕ್ಕಳಿಗೆ ನಾನು ಬಾಕ್ಸರ್ ಜೋ ಫ್ರೇಜಿಯರ್ ಕತೆ ಹೇಳುತ್ತೇನೆ. ಅಮೆರಿಕದ ಬಡ ರೈತನ ಮನೆಯ ಹುಡುಗ. ಗೋಣಿಚೀಲಕ್ಕೆ ಚಿಂದಿ ಬಟ್ಟೆ, ಜೋಳದ ದಿಂಡು, ಇಟ್ಟಿಗೆ ತುಂಬಿ ಮರಕ್ಕೆ ನೇತುಹಾಕಿ ಗುದ್ದಿ ಕಲಿತವನು. ಚಿಕ್ಕಂದಿನಲ್ಲಿ ಹಂದಿ ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈ ಪೆಟ್ಟಾಯಿತು, ಸರಿಯಾಗಿ ಕೂಡಲಿಲ್ಲ. ಆ ಕೈ ಮತ್ತೆ ಪೂರ್ತಿ ನೇರವಾಗಲೇ ಇಲ್ಲ. ಆದರೆ ಎಡಗೈ ಹುಕ್, ಅಂದರೆ ಪಕ್ಕದಿಂದ ಬೀಸುವ ಗುದ್ದು, ಹೊಡೆಯಲು ಕೈ ನೇರ ಇರಬೇಕಾಗಿಲ್ಲ, ಬಾಗಿರಬೇಕು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ತನಗಿಂತ ಎತ್ತರದ, ಉದ್ದ ಕೈಯ ಮುಹಮ್ಮದ್ ಅಲಿಯ ಎದೆಯ ಹತ್ತಿರಕ್ಕೇ ನುಗ್ಗಿ ನುಗ್ಗಿ, 15ನೇ ಸುತ್ತಿನಲ್ಲಿ ಅದೇ ಕೈಯಿಂದ ಕೆಡವಿದ, ಪಂದ್ಯವನ್ನೂ ಗೆದ್ದ. ಗೋಣಿಚೀಲ ಅಂದ ಕೂಡಲೇ ನಮ್ಮ ಹಳ್ಳಿ ಮಕ್ಕಳ ಕಣ್ಣು ಅಗಲವಾಗುತ್ತೆ.

ಹತ್ತಿರದಿಂದ ಆಡುವುದನ್ನು ನಾನು ಇಷ್ಟು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಸ್ಪರ್ಧೆಯ ಅಂಕಣ 8 ಮೀಟರ್ ಉದ್ದ, 8 ಮೀಟರ್ ಅಗಲ. ಸಂಜೆ ಐದೂವರೆಯ ಅರಸೀಕೆರೆ ಬಸ್ಸಿನಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಿಗುವ ಜಾಗ ಒಂದು ಅಡಿ. ಅಲ್ಲಿ ಹಿಂದಿನಿಂದ ಕೈ ಹಾಕುವವನು ರೆಫರಿ ಹೇಳಿದಷ್ಟು ದೂರ ನಿಲ್ಲುವುದಿಲ್ಲ. ಅಲ್ಲಿ ತಲೆ ಮಟ್ಟದ ಕಿಕ್ ಯಾರಿಗೂ ಬರುವುದಿಲ್ಲ, ಕಾಲು ಎಷ್ಟೇ ಉದ್ದವಿರಲಿ. ಬರುವುದು ಮೊಣಕೈ, ಭುಜ, ಹಿಮ್ಮಡಿ, ಗಟ್ಟಿ ಧ್ವನಿ. ಮೊಣಕೈಯಲ್ಲಿ ಹೊಡೆಯುವುದಕ್ಕೆ ಸ್ಪರ್ಧೆಯಲ್ಲಿ ಅವಕಾಶವಿಲ್ಲ, ಆದರೆ ಟೆಕ್ಕಿಯೊಳಗೆ ಅದು ಇದ್ದೇ ಇದೆ. ಪದಕಕ್ಕೆ ಮಾತ್ರ ತಯಾರು ಮಾಡುವ ಕ್ಲಾಸುಗಳಲ್ಲಿ ಅದನ್ನು ಕೈ ಬೀಸಿದ ಹಾಗೆ ಮಾಡಿ ಮುಂದೆ ಹೋಗುತ್ತಾರೆ. ನನಗೆ ನಿಜವಾಗಲೂ ಸಂಕಟವಾಗುತ್ತೆ. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ನೋಡಿದವರಿಗೆ ಗೊತ್ತು, ಅದೆಷ್ಟು ಇಕ್ಕಟ್ಟು ಅಂತ. ಓಬವ್ವನ ಕೈಗೆ ಸಿಕ್ಕಿದ್ದು ಕತ್ತಿಯಲ್ಲ, ದಿನಾ ಕುಟ್ಟುತ್ತಿದ್ದ ಒನಕೆ. ಅದರ ತೂಕ ಭುಜಕ್ಕೆ ಮೊದಲೇ ಗೊತ್ತಿತ್ತು.

ಹೋದ ವರ್ಷ ಮಕ್ಕಳನ್ನು ಬೇಲೂರಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲರೂ ಮದನಿಕೆಯರ ಫೋಟೋ ತೆಗೆಯುವಾಗ ನಾನು ಕೆಳಗಿನ ಅಕ್ಷರ ತೋರಿಸಿದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಆ ಗುಡಿಯಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಒಂದೇ ಬಳಪದ ಕಲ್ಲು, ಒಂದೇ ಶಾಸ್ತ್ರ, ಒಂದೇ ಮನೆಯ ಉಳಿ. ಆದರೂ ಅಪ್ಪನ ಕೆಲಸಕ್ಕೆ ಅಪ್ಪನ ಹೆಸರು, ಮಗನ ಕೆಲಸಕ್ಕೆ ಮಗನ ಹೆಸರು. ಬಸ್ಸಿನಲ್ಲಿ ವಾಪಸ್ ಬರುವಾಗ ಒಬ್ಬಳು, "ಅಪ್ಪನ್ನೇ ನೋಡಿ ಕಲ್ತಿದ್ದರೂ ಬೇರೆ ಆಗುತ್ತಾ ಅಕ್ಕಾ?" ಅಂತ ಕೇಳಿದ್ದಳು. ಮೊನ್ನೆ ಪ್ರಶ್ನೆ ಕೇಳಿದವಳೂ ಇವಳೇ.

ಈಗ ಅವಳ ವಿಷಯ. ಎಂಟನೇ ಕ್ಲಾಸು, ಆಗಲೇ ನನಗಿಂತ ಒಂದು ಗೇಣು ಎತ್ತರ. ಕೈಕಾಲು ಅಡಿಕೆ ಮರದ ಹಾಗೆ. ಎರಡು ವರ್ಷದಿಂದ ನಾನು ಅವಳಿಗೆ ಹೇಳುತ್ತಾ ಬಂದದ್ದು ಒಂದೇ: ಸೊಂಟ ಕೆಳಗಿಳಿಸು, ಹತ್ತಿರ ಹೋಗು, ಒಳಗೆ ನುಗ್ಗು. ಅವಳು ಪಾಪ, ಮೊಣಕಾಲು ನಡುಗುವವರೆಗೂ ಕೂತು ನಾನು ಹೇಳಿದ್ದನ್ನೆಲ್ಲ ಮಾಡಿದ್ದಾಳೆ. ಒಂದು ದಿನ ಎದುರು ಆಡಿಲ್ಲ.

ಪ್ರಶ್ನೆ ಕೇಳಿದ ಮೇಲೆ, "ಬಾ, ನನ್ನ ಜೊತೆ ಆಡು, ಏನು ಬೇಕಾದರೂ ಮಾಡು" ಅಂದೆ. ನಾನು ಎಂದಿನಂತೆ ನುಗ್ಗಿದೆ. ಅವಳು ನನ್ನನ್ನು ಎದುರುಗೊಳ್ಳಲಿಲ್ಲ. ಅರ್ಧ ಹೆಜ್ಜೆ ಹಿಂದೆ ಸರಿದಳು, ಮುಂಗಾಲು ಎತ್ತಿದಳು. ಬೆರಳು ನನ್ನ ಕಿವಿಯ ಪಕ್ಕ ಗಾಳಿ ಹಾಯಿಸಿ ನಿಂತಿತು, ತಾಗಲಿಲ್ಲ. ತಾಗಿಸದೆ ನಿಲ್ಲಿಸುವಷ್ಟು ಹಿಡಿತ ಅವಳ ಸೊಂಟದಲ್ಲಿತ್ತು. ತಪ್ಪು ಮಾಡಿದವಳಂತೆ ಕೂಡಲೇ ಕಾಲು ಇಳಿಸಿ "ಸಾರಿ ಅಕ್ಕಾ" ಅಂದಳು.

ಆ ಸಾರಿ ಕೇಳಿ ನನ್ನ ಕರುಳು ಕಿವುಚಿತು. ಬ್ರೌನ್ ಬೆಲ್ಟ್ ದಿನ ನನ್ನನ್ನು ನಿಲ್ಲಿಸಿದವರು ನನ್ನ ಮೈ ನೋಡದೆ ತಮ್ಮ ಅಳತೆ ಹಿಡಿದಿದ್ದರು. ನಾನು ಎರಡು ವರ್ಷ ಪ್ರೀತಿಯಿಂದಲೇ ಅದನ್ನೇ ಮಾಡಿದ್ದೆ. ದೊಡ್ಡಪ್ಪ ಇದ್ದಿದ್ದರೆ ಅವಳ ಕಾಲು ನೋಡಿದ ಮೊದಲ ದಿನವೇ "ನೀನು ದೂರ ನಿಂತ್ಕೊ ಕಣವ್ವ" ಅನ್ನುತ್ತಿದ್ದರು.

"ಇನ್ನೊಂದು ಸಲ ಮಾಡು" ಅಂದೆ. ಮಾಡಿದಳು. ಇಪ್ಪತ್ತು ಸಲ ಮಾಡಿಸಿದೆ. ಪ್ರತಿ ಸಲವೂ ಆ ಅರ್ಧ ಹೆಜ್ಜೆ ಒಂದೇ ಥರ, ಯಾರೂ ಹೇಳಿಕೊಟ್ಟದ್ದಲ್ಲ.

ಅದಕ್ಕೇ ಕೊನೆಗೆ ಒಂದು ಕೋರಿಕೆ. ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು ಕಡೆ ಎತ್ತರದ, ದೂರದಿಂದ ಕಾಲು ಚೆನ್ನಾಗಿ ಆಡಿಸುವ ಹೆಣ್ಣುಮಕ್ಕಳು ಯಾರಾದರೂ ಕರಾಟೆಯಲ್ಲೋ ಟೇಕ್ವಾಂಡೋದಲ್ಲೋ ಇದ್ದರೆ, ಒಂದು ನಾಲ್ಕು ಭಾನುವಾರ ಬಂದು ಇವಳ ಜೊತೆ ಆಡಿ. ಬೆಳಗ್ಗೆ ಆರಕ್ಕೆ ಶುರು ಮಾಡುತ್ತೇವೆ. ಬಸ್ ಚಾರ್ಜ್ ನನ್ನದು, ತಿಂಡಿ ನಮ್ಮಮ್ಮನ ಅಕ್ಕಿರೊಟ್ಟಿ. ಆ ಅರ್ಧ ಹೆಜ್ಜೆ ಆದಮೇಲೆ ಏನು ಮಾಡಬೇಕು ಅಂತ ನನ್ನ ಮೈಗೆ ಗೊತ್ತಿಲ್ಲ. ಗೊತ್ತಿರುವವರು ಇನ್‌ಬಾಕ್ಸಿನಲ್ಲಿ ತಿಳಿಸಿ.