ಬ್ಯಾಗ್ ಕೊಡಿ, ಇಟ್ಕೋತೀನಿ

ಬೆಳಗ್ಗೆ ಒಂಬತ್ತರ ಬಿಎಂಟಿಸಿ ಬಸ್ಸು. ಕಂಬಿ ಹಿಡಿಯೋಕೂ ಜಾಗ ಇಲ್ಲ. "ಒಳಗೆ ಹೋಗಿ, ಒಳಗೆ ಹೋಗಿ, ಮಧ್ಯ ಖಾಲಿ ಇದೆ" ಅಂತ ಕಂಡಕ್ಟರ್ ಕೂಗುತ್ತಲೇ ಇರುತ್ತಾರೆ. ಆ ಮಧ್ಯದ ಖಾಲಿ ಜಾಗ ಅವರೊಬ್ಬರ ಕಣ್ಣಿಗೆ ಮಾತ್ರ ಕಾಣುವಂಥದ್ದು. ಡ್ರೈವರ್ ಒಂದು ಬ್ರೇಕ್ ಹಾಕಿದರೆ ನಿಂತವರೆಲ್ಲ ಗಾಳಿಗೆ ಬಾಗಿದ ಜೋಳದ ಹೊಲದ ಹಾಗೆ ಮುಂದಕ್ಕೆ ಬಾಗಿ, ಮತ್ತೆ ನೆಟ್ಟಗಾಗುತ್ತಾರೆ. ಅಂಥ ಹೊತ್ತಲ್ಲಿ ಸೀಟಿನಲ್ಲಿ ಕೂತ ಯಾರೋ ಒಬ್ಬರು ತಲೆ ಎತ್ತಿ, ನಿಂತವರ ಕಡೆ ಕೈ ಚಾಚಿ, "ಬ್ಯಾಗ್ ಕೊಡಿ, ಇಟ್ಕೋತೀನಿ" ಅನ್ನುತ್ತಾರೆ.

ಅಷ್ಟೇ ಮಾತು. ಹೆಸರು ಕೇಳುವುದಿಲ್ಲ, ಯಾವ ಕಡೆ ಹೊರಟಿರಿ ಅನ್ನುವುದಿಲ್ಲ. ನಿಂತವರೂ ಥ್ಯಾಂಕ್ಸು ಗೀಂಕ್ಸು ಅನ್ನದೆ ಹೆಗಲಿಂದ ಇಳಿಸಿ ಕೊಟ್ಟುಬಿಡುತ್ತಾರೆ. ಬ್ಯಾಗಿನಲ್ಲಿ ಏನಿರುತ್ತೆ? ಪರ್ಸು, ಮನೆ ಬೀಗದ ಕೈ, ಆಧಾರ್ ಕಾರ್ಡು, ಅಡವಿಟ್ಟು ಬಿಡಿಸಿಕೊಂಡು ಬರುತ್ತಿರುವ ಬಳೆ, ಯಾರಿಗೆ ಗೊತ್ತು. ಮನೆಗೆ ಕೊರಿಯರ್ ಹುಡುಗ ಬಂದರೆ ಬಾಗಿಲ ಸರಪಳಿ ತೆಗೆಯದೆ ಸಂದಿಯಲ್ಲೇ ಮಾತಾಡುವವರು ನಾವು. ಅದೇ ನಾವು ಮುಖ ಪರಿಚಯ ಇಲ್ಲದವರ ತೊಡೆ ಮೇಲೆ ಅಷ್ಟನ್ನೂ ಇಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಕಿಟಕಿ ಆಚೆ ನೋಡುತ್ತಾ ನಿಲ್ಲುತ್ತೇವೆ.

ಇದಕ್ಕೆ ಯಾರೂ ಬರೆದಿಡದ ರೀತಿ ರಿವಾಜುಗಳಿವೆ. ಇಟ್ಟುಕೊಂಡವರು ಜಿಪ್ಪಿನ ಹತ್ತಿರ ಕೈ ತರಬಾರದು. ಒಳಗೆ ಫೋನ್ ಹೊಡೆದುಕೊಂಡರೆ ಬ್ಯಾಗನ್ನೇ ಮೇಲೆತ್ತಿ ತೋರಿಸಬೇಕು, ತೆಗೆಯಬಾರದು. ತಮ್ಮ ಸ್ಟಾಪು ಮೊದಲು ಬಂದರೆ ಪಕ್ಕದವರಿಗೆ ದಾಟಿಸಿ, "ಇದು ಆ ಹಸಿರು ಚೂಡಿದಾರದವ್ರದ್ದು" ಅಂತ ವಿಳಾಸ ಹೇಳಿ ಇಳಿಯಬೇಕು. ಹಾಗೆ ಒಂದೇ ಬ್ಯಾಗು ಮೆಜೆಸ್ಟಿಕ್‌ನಲ್ಲಿ ಹತ್ತಿ, ಮೂರು ಮಡಿಲು ಬದಲಿಸಿ, ಜಯನಗರದಲ್ಲಿ ಇಳಿದಿದ್ದನ್ನು ನಾನೇ ನೋಡಿದ್ದೇನೆ. ಅದರ ಯಜಮಾನಿ ಮಾತ್ರ ಅಷ್ಟೂ ದೂರ ಒಂದೇ ಕಂಬಿ ಹಿಡಿದು ನಿಂತಿದ್ದಳು. ಇನ್ನೊಂದು ರಿವಾಜು: ಕೂತವರು ಎದ್ದರೆ ಆ ಸೀಟು ಬ್ಯಾಗ್ ಕೊಟ್ಟವರಿಗೇ ಸಲ್ಲಬೇಕು. ಇದೊಂದರ ಮೇಲೆ ಆಗಾಗ ಜಗಳ ಆಗುವುದುಂಟು.

ಇಷ್ಟೆಲ್ಲ ತಿಳಿದವಳ ಹಾಗೆ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಬಹಳ ವರ್ಷ ನಾನು ಕಿಟಕಿ ಪಕ್ಕದ ನಿದ್ದೆಯವಳು. ನಿಂತಾಗ ಕಣ್ಣು ಪಿಳಿಪಿಳಿ, ಸೀಟು ಸಿಕ್ಕಿದ್ದೇ ತಡ ಗಾಢ ನಿದ್ದೆ. ಆ ನಿದ್ದೆ ಎಷ್ಟು ಜಾಣ ನಿದ್ದೆ ಅಂದರೆ ನಮ್ಮ ಸ್ಟಾಪು ಬಂದಾಗ ತಾನಾಗೇ ಹಾರಿಹೋಗುತ್ತೆ. ನಿದ್ದೆ ಬಾರದ ದಿನ ಫೋನ್ ಇತ್ತು. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಚಿಕ್ಕಪ್ಪ ದಿನಾ ಆರೂಕಾಲಿಗೆ ಒಂದು ಗುಲಾಬಿ ಹೂ ಕಳಿಸುತ್ತಾರೆ. ಹೂವಿನ ಕೆಳಗೆ ಒಂದು ಸ್ಫೂರ್ತಿಯ ಮಾತು. ಅವತ್ತು ಬಂದದ್ದು ಬೇರೆಯವರ ಭಾರ ಹಗುರ ಮಾಡುವುದರ ಬಗ್ಗೆ. ಬಹಳ ಚೆನ್ನಾಗಿದೆ ಅನ್ನಿಸಿ ಕೈ ಮುಗಿಯುವ ಚಿತ್ರ ಮೂರು ಸಲ ಒತ್ತಿದೆ. ಅಷ್ಟರಲ್ಲಿ ನಿಂತಿದ್ದ ಸ್ಕೂಲ್ ಹುಡುಗಿಯೊಬ್ಬಳ ಬ್ಯಾಗು ನನ್ನ ಭುಜಕ್ಕೆ ಬಡಿಯಿತು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ, "ಸ್ವಲ್ಪ ಬ್ಯಾಗ್ ಆ ಕಡೆ ಇಟ್ಕೊಳಮ್ಮ" ಅಂದೆ, ಮುಖ ಗಂಟು ಹಾಕಿಕೊಂಡೇ.

ನನ್ನ ಪಕ್ಕ ಹೂವಿನ ಅಜ್ಜಿ ಕೂತಿದ್ದರು. ಕೆ.ಆರ್. ಮಾರುಕಟ್ಟೆಯಿಂದ ಹೂ ತರುವವರು, ಕಾಲ ಬಳಿ ಒದ್ದೆ ಗೋಣಿ ಮುಚ್ಚಿದ ಬುಟ್ಟಿ. "ತತ್ತಾ ಮಗ ಇಲ್ಲಿ" ಅಂತ ಹುಡುಗಿಯ ಬ್ಯಾಗನ್ನು ಎಳೆದು ಮಡಿಲಿಗೆ ಹಾಕಿಕೊಂಡರು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ವಾಸಿ ಇತ್ತು. ನಾಲ್ಕು ಸ್ಟಾಪು ಆದ ಮೇಲೆ ಬುಟ್ಟಿ ಎತ್ತಿಕೊಂಡು ಎದ್ದವರೇ, ಆ ಬ್ಯಾಗನ್ನು ನನ್ನ ತೊಡೆಗೆ ದೊಪ್ಪನೆ ಇಟ್ಟು, "ಹಿಡ್ಕಳವ್ವ" ಅಂದು ಇಳಿದುಹೋದರು. ಕೇಳಲಿಲ್ಲ, ಮಾಡಲಿಲ್ಲ. ನಾನು ಈ ಸಂಪ್ರದಾಯಕ್ಕೆ ಸೇರಿದ್ದು ಹೀಗೆ, ಬಲವಂತದ ದೀಕ್ಷೆ ತೆಗೆದುಕೊಂಡು.

ಅಬ್ಬಾ, ಆ ಭಾರ! ಅಕ್ಕಿ ಚೀಲ ತಂದು ಇಟ್ಟ ಹಾಗಾಯಿತು. ಒಂಬತ್ತು, ಹತ್ತನೇ ಕ್ಲಾಸಿನವರ ಬ್ಯಾಗು 4ರಿಂದ 5 ಕೆಜಿ ದಾಟಬಾರದು ಅಂತ 2019ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಸುತ್ತೋಲೆ ಹೊರಡಿಸಿದೆ. ಅದಕ್ಕೂ ಬಹಳ ಹಿಂದೆ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡು ಹೋದವರು, ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬೆನ್ನು ಬಗ್ಗಿಸುವ ಈ ಬ್ಯಾಗಿನ ಬಗ್ಗೆ. ಆಮೇಲೆ ಯಶ್‌ಪಾಲ್ ಸಮಿತಿ ಆಯಿತು, 1993ರಲ್ಲಿ ವರದಿಯೂ ಬಂತು. ಸಮಿತಿ, ವರದಿ, ಸುತ್ತೋಲೆ ಎಲ್ಲ ದಾಟಿಕೊಂಡು ಬಂದ ಬ್ಯಾಗು ನನ್ನ ತೊಡೆ ಮೇಲಿತ್ತು. ಹುಡುಗಿ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಭುಜ ಎರಡು ಸಲ ತಿರುಗಿಸಿ, ಜಡೆ ಬಿಚ್ಚಿ ಮತ್ತೆ ಹೆಣೆದುಕೊಂಡಳು. ಎರಡು ಕೈ ಖಾಲಿಯಾದರೆ ಮನುಷ್ಯ ಮೊದಲು ತಲೆಗೂದಲು ಸರಿಮಾಡಿಕೊಳ್ಳುತ್ತಾನೆ ಅಂತ ಅವತ್ತು ಗೊತ್ತಾಯಿತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅಂತಾರಲ್ಲ, ನನ್ನದೂ ಅದೇ ಕಥೆ. ಮಾರನೇ ದಿನದಿಂದ ಸಿಕ್ಕವರ ಬ್ಯಾಗೆಲ್ಲ ನನಗೇ ಬೇಕು. ಬೇಡ ಅಂದವರಿಂದಲೂ ಕಿತ್ತುಕೊಳ್ಳುತ್ತಿದ್ದೆ. ಮೂರು ಬ್ಯಾಗು, ಒಂದು ಹೆಲ್ಮೆಟ್ಟು, ಒಬ್ಬರ ಹುಟ್ಟುಹಬ್ಬದ ಕೇಕು. ಎರಡನೇ ವಾರಕ್ಕೆ ಅದರ ಫಲ ಸಿಕ್ಕಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ತಿಳಿಹಳದಿ ಕಾಟನ್ ಸೀರೆ ಉಟ್ಟಿದ್ದೆ. ಆಫೀಸಿನಲ್ಲಿ ಮೀಟಿಂಗ್ ಬೇರೆ. ಬಸ್ಸು ಸೌತ್ ಎಂಡ್ ಸರ್ಕಲ್ ತಿರುಗುವಾಗ ತೊಡೆ ಬೆಚ್ಚಗಾಯಿತು. ಮೊದಲು ಬಿಸಿಲು ಅಂದುಕೊಂಡೆ. ಆಮೇಲೆ ಇಂಗು, ಒಗ್ಗರಣೆ, ಹುಣಸೆಹಣ್ಣಿನ ವಾಸನೆ. ಕಾಲೇಜು ಹುಡುಗಿಯೊಬ್ಬಳ ಊಟದ ಡಬ್ಬಿಯ ಮುಚ್ಚಳ ಸಡಿಲಾಗಿ, ಅವಳಮ್ಮ ಮಾಡಿದ ಸಾರು ಪೂರ್ತಿ ನನ್ನ ಸೀರೆಗೆ ಇಳಿದಿತ್ತು. ಒಂದು ಕರಿಬೇವಿನ ಎಲೆ ನೆರಿಗೆ ಮೇಲೆ ಅಂಟಿ ಕೂತಿತ್ತು.

ಹುಡುಗಿ ಅಳುವುದೊಂದು ಬಾಕಿ. "ಸಾರಿ ಆಂಟಿ, ಸಾರಿ ಆಂಟಿ" ಅನ್ನುತ್ತಲೇ ಇದ್ದಳು. ಅವಳು ಸಾರಿ ಅಂದಾಗಲೆಲ್ಲ ನನಗೆ ಸಾರು ಅಂತ ಕೇಳುತ್ತಿತ್ತು. ನನಗೆ ಕೋಪ ಬಂದಿದ್ದು ಸುಳ್ಳಲ್ಲ. ಇನ್ನೇನು ಬಯ್ಯಬೇಕು, ಅಷ್ಟರಲ್ಲಿ ಮುಂದಿನ ಸೀಟಿನಿಂದ ಅದೇ ಹೂವಿನ ಅಜ್ಜಿ ತಿರುಗಿ ನೋಡಿ, "ಸಾರೇ ಅಲ್ವೇನವ್ವ, ತೊಳುದ್ರೆ ಹೋಯ್ತದೆ" ಅಂದರು. ಬುಟ್ಟಿ ಮೇಲಿದ್ದ ಒದ್ದೆ ಗೋಣಿ ಎತ್ತಿ ಕೊಟ್ಟು, ಒರೆಸಿಕೊಳ್ಳಲು ಹೇಳಿದರು. ಒರೆಸಿದ ಮೇಲೆ ಸಾರಿಗೆ ಸೇವಂತಿಗೆಯ ಘಮವೂ ಸೇರಿತು. ಆಮೇಲೆ ನನಗೆ ಒಂದು ಮೊಳ, ಆ ಹುಡುಗಿಗೆ ಒಂದು ಮೊಳ ಕಾಕಡ ಕಿತ್ತು ಕೊಟ್ಟರು. ದುಡ್ಡು ಕೊಡಲು ಹೋದರೆ, "ಕೊಸರು ಅಂದ್ಕೋ" ಅಂದರು. ಏನೂ ಕೊಳ್ಳದೆ ಕೊಸರು ಸಿಕ್ಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

ಕೊಸರು ಅನ್ನುವ ಪದ ನನಗೆ ಬಹಳ ಇಷ್ಟ. ಅಳತೆಗೆ ತಕ್ಕ ದುಡ್ಡು ಕೊಟ್ಟಾಯಿತು, ದುಡ್ಡಿಗೆ ತಕ್ಕ ಮಾಲು ಬಂದಾಯಿತು, ಲೆಕ್ಕ ಚುಕ್ತಾ. ಆದರೂ ಒಂದು ಹಿಡಿ ಕಡ್ಲೆಪುರಿ ಮೇಲಿಂದ ಬೀಳುತ್ತಲ್ಲ, ಅದು. ಕೇಳಿ ಹಾಕಿಸಿಕೊಂಡರೂ ಕೊಸರೇ, ಕೇಳದೆ ಹಾಕಿದರೂ ಕೊಸರೇ. ಕೇಳದೆ ಹಾಕುವ ಅಂಗಡಿಯವನು ಒಂದು ಹತ್ತು ರೂಪಾಯಿ ಜಾಸ್ತಿ ಹೇಳಿದರೂ ನಾವು ಅಲ್ಲಿಗೇ ಹೋಗುತ್ತೇವೆ ಅನ್ನುವುದು ಬೇರೆ ವಿಷಯ.

ಆಫೀಸಿನಲ್ಲಿ ಅವತ್ತಿಡೀ ನಾನು ಮುಡಿಯಿಂದ ಮೇಲೆ ಮದುವೆ ಮನೆ, ಸೊಂಟದಿಂದ ಕೆಳಗೆ ಅಡುಗೆ ಮನೆ.

ಅಜ್ಜಿಯ ಮಾತಿನ ಧಾಟಿ ಕೇಳಿ ನಮ್ಮ ಅಜ್ಜಿ ನೆನಪಾದರು. ಮಂಡ್ಯದ ಕಡೆಯವರು. ಹೊಲದ ಬದುವಿನ ಮೇಲೆ ಹುಲ್ಲು ಕುಯ್ದು ಹೊರೆ ಕಟ್ಟುವುದು ಒಬ್ಬರೇ ಮಾಡಬಹುದು. ಹೊತ್ತು ಮನೆಗೆ ತರುವುದೂ ಒಬ್ಬರದೇ ಕೆಲಸ. ಆದರೆ ನೆಲದಿಂದ ತಲೆಗೆ ಏರಿಸಲು ಮಾತ್ರ ಇನ್ನೊಂದು ಜೊತೆ ಕೈ ಬೇಕೇ ಬೇಕು. ಸಿಂಬೆ ಸುತ್ತಿ ತಲೆ ಮೇಲೆ ಇಟ್ಟುಕೊಂಡು ಅಜ್ಜಿ ದಾರಿ ನೋಡುತ್ತಾ ನಿಲ್ಲುತ್ತಿದ್ದರು. ಯಾರು ಕಂಡರೂ, "ವಸಿ ಹೊರೆ ಎತ್ತು ಬಾಪ್ಪ" ಅನ್ನುವುದು. ಹಾಗೆ ಕರೆದರೆ ಇಲ್ಲ ಅನ್ನುವ ಪದ್ಧತಿ ಇರಲಿಲ್ಲ. ಪಕ್ಕದ ಹೊಲದವರಿಗೂ ನಮ್ಮಜ್ಜಿಗೂ ಬದುವಿನ ವಿಷಯಕ್ಕೆ ಮಾತು ನಿಂತು ವರ್ಷಗಳೇ ಆಗಿದ್ದವು. ಆದರೂ ಹೊರೆ ಎತ್ತುವುದು ನಿಂತಿರಲಿಲ್ಲ. ಅಜ್ಜಿ ಆಕಾಶ ನೋಡಿಕೊಂಡು, "ಯಾರಾರ ಇದ್ದಿದ್ರೆ ಒಂದ್ ಕೈ ಹಾಕೋರು" ಅನ್ನುತ್ತಿದ್ದರು. ಆ ಕಡೆಯಾಕೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು, ಹಸುವಿಗೆ ಹೇಳುವ ಹಾಗೆ "ಹೂಂ" ಅಂದು ಎತ್ತಿ ಹೊರಿಸಿ, ತಿರುಗಿ ನೋಡದೆ ಹೋಗುತ್ತಿದ್ದರು. ಜಗಳವೂ ಉಳಿಯಿತು, ಹೊರೆಯೂ ಏರಿತು.

ಎತ್ತುವುದಕ್ಕೆ ಒಬ್ಬರು ಬೇಕಾದ ಹಾಗೆ ಇಳಿಸುವುದಕ್ಕೂ ಒಬ್ಬರು ಬೇಕು. ಯಾರೂ ಸಿಗದ ದಾರಿಗೆ ಹಿಂದಿನವರು ಕಲ್ಲು ನೆಟ್ಟಿದ್ದರು. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆ, ಎರಡು ಕಲ್ಲುಕಂಬ, ಅದರ ಮೇಲೆ ಅಡ್ಡ ಒಂದು ಚಪ್ಪಡಿ. ನಿಂತ ಹಾಗೇ ತಲೆಯ ಹೊರೆಯನ್ನು ಅದಕ್ಕೆ ಜಾರಿಸಿ, ಕತ್ತು ನೀವಿಕೊಂಡು, ಮತ್ತೆ ನಿಂತ ಹಾಗೇ ತಲೆಗೆ ಎಳೆದುಕೊಳ್ಳಬಹುದು. ತಮಿಳುನಾಡಿನಲ್ಲಿ ಇದಕ್ಕೆ ಸುಮೈತಾಂಗಿ ಅನ್ನುತ್ತಾರೆ. ಅಲ್ಲಿ ಹೆರಿಗೆಗೆ ಮುಂಚೆ ತೀರಿಕೊಂಡ ಬಸುರಿಯ ಹೆಸರಲ್ಲಿ ಈ ಕಲ್ಲು ನಿಲ್ಲಿಸುವ ವಾಡಿಕೆ ಇತ್ತು. ಹೊತ್ತ ಭಾರ ಇಳಿಸಲಾಗದೆ ಹೋದವಳ ನೆನಪಿಗೆ, ದಾರಿಹೋಕರ ಭಾರ ಇಳಿಸುವ ಕಲ್ಲು. ಇದನ್ನು ಮೊದಲ ಸಲ ಕೇಳಿದಾಗ ಸ್ವಲ್ಪ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಈಗ ತಲೆಹೊರೆ ಹೊರುವವರು ಕಡಿಮೆ. ಆ ಕಲ್ಲುಗಳು ರಸ್ತೆ ಅಗಲ ಮಾಡುವವರಿಗೆ ಅಡ್ಡ ಸಿಗುವ ಕಲ್ಲುಗಳು.

ನಮ್ಮ ಮೆಟ್ರೋ ಬಂದ ಮೇಲೆ ನಾನೂ ಆಗಾಗ ಅದರಲ್ಲಿ ಹೋಗುತ್ತೇನೆ. ತಂಪಾಗಿದೆ, ಚೊಕ್ಕಟವಾಗಿದೆ, ಹೇಳಿದ ಹೊತ್ತಿಗೆ ಬರುತ್ತೆ. ಆದರೆ ಅಲ್ಲಿ ನಮ್ಮ ಬ್ಯಾಗ್ ಕೇಳುವುದು ಬಾಗಿಲಲ್ಲಿರುವ ಸ್ಕ್ಯಾನರ್ ಒಂದೇ. ಒಂದು ದಿನ ಸೀಟು ಸಿಕ್ಕಿತ್ತು, ಎದುರಿಗೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಬ್ಯಾಗು, ಊಟದ ಬ್ಯಾಗು ಎರಡನ್ನೂ ನೇತುಹಾಕಿಕೊಂಡು ನಿಂತಿದ್ದ. ಅಭ್ಯಾಸ ಬಲ. ಕೈ ಚಾಚಿ, "ಕೊಡಪ್ಪ, ಇಟ್ಕೋತೀನಿ" ಅಂದೆ. ಅವನು ಕಿವಿಯಿಂದ ಇಯರ್‌ಫೋನ್ ತೆಗೆದು ನನ್ನ ಮುಖ ನೋಡಿದ. ಆಮೇಲೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಅವನ ತಪ್ಪೂ ಇಲ್ಲ ಬಿಡಿ. ನನ್ನ ಮುಖದಲ್ಲಿ ಉತ್ಸಾಹ ಜಾಸ್ತಿ ಇತ್ತೋ ಏನೋ.

ಬಸ್ಸಿನಲ್ಲಿ ಈಗ ಮೊದಲಿಗಿಂತ ರಶ್ಶು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಕಾಲಿಡಲು ಜಾಗವಿಲ್ಲ ಅಂತ ಗೊಣಗುವವರಿದ್ದಾರೆ. ನಾನೂ ಗೊಣಗುತ್ತೇನೆ, ಸೀಟು ಸಿಗದ ದಿನ.

ಹೋದ ಆಷಾಢದಲ್ಲಿ ಅಂಥದ್ದೇ ಒಂದು ದಿನ. ಒಂದು ಕೈಯಲ್ಲಿ ತರಕಾರಿ ಚೀಲ, ಹೆಗಲಲ್ಲಿ ಬ್ಯಾಗು, ಕಂಕುಳಲ್ಲಿ ಕೊಡೆ. ಕಂಬಿ ಹಿಡಿಯಲು ನನಗೊಂದು ಮೂರನೇ ಕೈ ಬೇಕಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ತಾಯಿ, ಅವರ ಮಡಿಲಲ್ಲಿ ನಾಲ್ಕೈದು ವರ್ಷದ ಹುಡುಗ. ಅವರ ಮಡಿಲು ಅವನಿಂದಲೇ ತುಂಬಿಹೋಗಿತ್ತು. ಅವರು, "ಚೀಲ ಇಲ್ಲಿ ಕಾಲ ಹತ್ರ ಇಡಿ ಅಕ್ಕ" ಅಂದರು. ಹುಡುಗ ಅಮ್ಮನ ಮುಖ ನೋಡಿ, ನನ್ನ ಮುಖ ನೋಡಿ, ತಾನೂ ಎರಡೂ ಕೈ ಚಾಚಿದ. ಅವನ ಅಳತೆಗೆ ಆಗುವಂಥದ್ದು ನನ್ನ ಹತ್ತಿರ ಕೊಡೆಯೊಂದೇ. ಕೊಟ್ಟೆ. ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡ. ದಾರಿಯುದ್ದಕ್ಕೂ ಯಾರ ಹತ್ತಿರವೂ ಮಾತಿಲ್ಲ. ಕಣ್ಣು ಕೊಡೆಯ ಮೇಲೆ. ಅಮ್ಮ ಕೊಟ್ಟ ಬಿಸ್ಕತ್ತನ್ನೂ ಒಂದೇ ಕೈಯಲ್ಲಿ ತಿಂದ.

ನನ್ನ ಸ್ಟಾಪು ಬಂತು. "ಕೊಡೆ ಕೊಡು ಪುಟ್ಟ" ಅಂದೆ.

"ಕೊಡೆ" ಅಂದ, ಇನ್ನೂ ಬಿಗಿಯಾಗಿ ಅಪ್ಪಿಕೊಂಡು. ಹಳಗನ್ನಡದಲ್ಲಿ ಹೇಳಿದನೋ ಹೊಸಗನ್ನಡದಲ್ಲೋ ತಿಳಿಯಲಿಲ್ಲ.

"ಬೇಗ ಇಳೀರಮ್ಮ" ಅಂತ ಕಂಡಕ್ಟರ್ ವಿಷಲ್ ಊದಿದರು. ತರಕಾರಿ ಚೀಲ ಎಳೆದುಕೊಂಡು ಇಳಿದೆ. ಮಳೆ ಹನಿಯಲು ಶುರುವಾಗಿತ್ತು. ಬಸ್ಸು ಹೊರಡುವಷ್ಟರಲ್ಲಿ ಕಿಟಕಿಯಿಂದ ಆ ತಾಯಿಯ ಕೈ ಹೊರಗೆ ಬಂತು, ಕೈಯಲ್ಲಿ ಕೊಡೆ. ಇಸಿದುಕೊಂಡು ಅಲ್ಲೇ ಬಿಚ್ಚಿದೆ. ಒಳಗಿಂದ ಅರ್ಧ ಕಚ್ಚಿದ ಬಿಸ್ಕತ್ತು ತಲೆ ಮೇಲೆ ಬಿತ್ತು.