ಬಡಿಸಿದವರಿಗೂ ಒಂದು ಕುರ್ಚಿ ಇಡಿ

ನಿನ್ನೆ ಗೆಳತಿಯೊಬ್ಬಳ ಹೊಸ ಫ್ಲ್ಯಾಟಿಗೆ ಊಟಕ್ಕೆ ಹೋಗಿದ್ದೆವು. ಹುಳಿ, ಬೀನ್ಸ್ ಪಲ್ಯ, ಕೋಸಂಬರಿ, ಶಾವಿಗೆ ಪಾಯಸ, ಎಲ್ಲಾ ಅವಳೇ ಮಾಡಿದ್ದು. ಆರು ಜನ ಕೂರುವ ಗಾಜಿನ ಟೇಬಲ್. ನಡುವೆ ದೊಡ್ಡ ಹೂದಾನಿ, ಎರಡು ಕ್ಯಾಂಡಲ್ ಸ್ಟ್ಯಾಂಡು, ಉದ್ದಕ್ಕೂ ಹಾಸಿದ ಜರಿ ಬಟ್ಟೆ. ಹುಳಿ ಪಾತ್ರೆ ಇಡಲು ಮಾತ್ರ ಜಾಗವಿಲ್ಲ! ಎಲ್ಲವೂ ಅಡುಗೆಮನೆ ಕಟ್ಟೆ ಮೇಲೆ. ಪಾಪ, ಒಂದೊಂದೇ ತಂದು ಬಡಿಸುತ್ತಾ ಅವಳು ಒಳಗೆ ಹೊರಗೆ ಓಡಾಡಿದ್ದೇ ಓಡಾಡಿದ್ದು. "ನೀನೂ ಕೂತ್ಕೊಳ್ಳೇ" ಅಂದರೆ "ನಂದು ಆಮೇಲೆ, ನೀವು ಮಾಡಿ" ಅನ್ನುತ್ತಾಳೆ. ನಾವು ಕೈ ತೊಳೆದು ಸೋಫಾಕ್ಕೆ ಬಂದ ಮೇಲೆ, ಆರಿದ ಅನ್ನ ಕಲಸಿಕೊಂಡು ಒಬ್ಬಳೇ ಉಂಡಳು. ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಊಟದ ಕೋಣೆ ಅಂದರೆ ಮನೆಯವರೆಲ್ಲ ಒಟ್ಟಿಗೆ ಕೂರುವ ಜಾಗ ಅಲ್ವಾ? ಅಡುಗೆ ಮಾಡಿದವಳೇ ಕೂರಲಾಗದ ಕೋಣೆಗೆ ಎಷ್ಟು ಲಕ್ಷ ಸುರಿದರೆ ಏನು ಬಂತು?

ಸ್ವಲ್ಪ ಲೆಕ್ಕ ಹಾಕಿ ನೋಡಿ. ನಮ್ಮ ಮನೆಗಳ ಟೇಬಲ್ ಸಾಮಾನ್ಯವಾಗಿ 3 ಅಡಿ ಅಗಲ. ಎದುರುಬದುರು ಎರಡು ತಟ್ಟೆ ಇಟ್ಟರೆ ಹತ್ತಿರ ಹತ್ತಿರ 2 ಅಡಿ ಹೋಯಿತು. ನಡುವೆ ಉಳಿಯುವುದು ಒಂದೇ ಅಡಿ. ಅನ್ನ, ಹುಳಿ, ಪಲ್ಯ, ತುಪ್ಪ, ಉಪ್ಪಿನಕಾಯಿ, ನೀರಿನ ಜಗ್ಗು, ಎಲ್ಲಾ ಆ ಒಂದಡಿಯಲ್ಲೇ ಕೂರಬೇಕು. ಅಲ್ಲಿ ಹೂದಾನಿ ಇಟ್ಟ ದಿನವೇ ಮನೆಯ ಒಬ್ಬರನ್ನು ಅಡುಗೆಮನೆಗೆ ಕಳಿಸಿದ ಹಾಗೆ. ಬಟ್ಟೆ ಹಾಸುವ ಆಸೆ ಇದ್ದರೆ ಗುಳೇದಗುಡ್ಡದ ಖಣ ಹಾಸಿ, ಎಷ್ಟು ಚೆಂದ ಕಾಣುತ್ತದೆ! ಊಟದ ಹೊತ್ತಿಗೆ ಮಡಚಿ ಎತ್ತಿಡಿ.

ಇನ್ನು ಆ ಬೆಳಕು. ನೆತ್ತಿ ಮೇಲೆ ಬೆಳ್ಳನೆಯ ಎಲ್‌ಇಡಿ ಪ್ಯಾನೆಲ್, ಆಸ್ಪತ್ರೆಯ ವಾರ್ಡಿನ ಹಾಗೆ. ಹುಳಿಯ ಬಣ್ಣವೇ ಸತ್ತುಹೋಗಿತ್ತು. ಬಲ್ಬಿನ ಡಬ್ಬಿ ಮೇಲೆ 6500ಕೆ ಅಂತ ಇದ್ದರೆ ಅದು ಈ ಬಿಳೀ ಬೆಳಕು. 2700ಕೆ ಅಥವಾ 3000ಕೆ ಇರುವುದನ್ನು ಕೇಳಿ ತನ್ನಿ. ಹಳದಿ ಬೆಳಕು ಬೀಳುತ್ತದೆ, ಎದುರು ಕೂತವರ ಮುಖ ಚೆಂದ ಕಾಣುತ್ತದೆ, ಎದ್ದು ಹೋಗಲು ಮನಸ್ಸಾಗುವುದಿಲ್ಲ. ತೂಗುದೀಪ ಹಾಕುವುದಾದರೆ ಟೇಬಲ್ಲಿನಿಂದ ಎರಡೂವರೆ ಅಡಿ ಮೇಲಿರಲಿ. ಗಾಜಿನ ಟಾಪ್ ಬೇಡವೇ ಬೇಡ. ಸ್ಟೀಲ್ ಲೋಟ ಇಟ್ಟಾಗಲೆಲ್ಲ ಟಣ್ ಅನ್ನುತ್ತದೆ, ಮಕ್ಕಳಿಗೆ "ಮೆಲ್ಲಗೆ, ಮೆಲ್ಲಗೆ" ಅನ್ನುವುದರಲ್ಲೇ ಊಟ ಮುಗಿಯುತ್ತದೆ.

ಬಡಿಸುವವರೂ ಜೊತೆಗೇ ಕೂರಲಿ ಅಂದಿದ್ದಕ್ಕೆ ಒಬ್ಬರು ಹೇಳಿದರು: ನಿಂತು ಬಡಿಸುವುದು ನಮ್ಮ ಸಂಪ್ರದಾಯ, ಬಂದವರಿಗೆ ಮೊದಲು ಹಾಕಿ ಆಮೇಲೆ ಮನೆಯವರು ಉಣ್ಣಬೇಕು ಅಂತ. ಮದುವೆ ಮನೆಯಲ್ಲಿ ನೂರಾರು ಎಲೆ ಹಾಕಿದಾಗ ಸರಿ. ಅಲ್ಲೂ ಕೊನೆಯ ಪಂಕ್ತಿಯಲ್ಲಿ ಬಡಿಸಿದವರು ಕೂರುತ್ತಾರೆ, ಅವರಿಗೆ ಇನ್ಯಾರೋ ಸೊಂಟಕ್ಕೆ ಪಂಚೆ ಬಿಗಿದು ಬಿಸಿಬಿಸಿ ಬಡಿಸುತ್ತಾರೆ, "ಇನ್ನೊಂದು ಹೋಳಿಗೆ" ಅಂತ ಒತ್ತಾಯ ಮಾಡುತ್ತಾರೆ. ಆ ಭಾಗ ಮರೆತು, ನಿಂತು ಬಡಿಸುವುದನ್ನು ಮಾತ್ರ ಸಂಪ್ರದಾಯ ಅನ್ನುವವರ ಮಾತು ನಾನು ಕೇಳುವುದಿಲ್ಲ.

ನನ್ನಮ್ಮ ಜೀವನಪೂರ್ತಿ ಅಡುಗೆಮನೆಯ ಮೂಲೆಯಲ್ಲಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ಉಂಡವಳು. ಅವಳಿಗೆ ಯಾವ ಪಲ್ಯ ಇಷ್ಟ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಈ ವಿಷಯ ಬಂದಾಗ ನನ್ನ ದನಿ ಏರುತ್ತದೆ, ಏರಲಿ.

ಫ್ಲ್ಯಾಟ್ ಚಿಕ್ಕದು, ಜಾಗ ಎಲ್ಲಿ ಅಂತೀರಾ? ಕುರ್ಚಿ ಹಿಂದಕ್ಕೆ ಎಳೆದು ಏಳಲು 3 ಅಡಿ ಬೇಕು, ನಿಜ. ಗೋಡೆಯ ಕಡೆ ಬೆಂಚು ಹಾಕಿಸಿ, ಊಟವಾದ ಮೇಲೆ ಟೇಬಲ್ ಕೆಳಗೆ ತಳ್ಳಿಬಿಡಿ. ಅದೂ ಆಗದಿದ್ದರೆ ನವಲಗುಂದದ ಜಮಖಾನ ಹಾಸಿ, ಪಾತ್ರೆಗಳನ್ನು ನಡುವೆ ಇಟ್ಟು ಸುತ್ತ ಕೂತು ಉಣ್ಣಿ. ಸುಮ್ನೆ ಜಾಗದ ನೆಪ ಬೇಡ.

ಈಗ ಮನೆ ಕಟ್ಟಿಸುತ್ತಿರುವವರು, ಒಳಾಂಗಣ ಮಾಡಿಸುತ್ತಿರುವವರು ದಯವಿಟ್ಟು ಕೇಳಿ. ಟೇಬಲ್ ಪಕ್ಕದಲ್ಲೇ, ಕೈಗೆಟಕುವ ಹಾಗೆ, ಒಂದೂವರೆ ಅಡಿ ಅಗಲದ ಸಣ್ಣ ಕಟ್ಟೆ ಮಾಡಿಸಿ. ಕುಕ್ಕರ್, ಮೊಸರು, ಹೆಚ್ಚುವರಿ ತಟ್ಟೆ ಅಲ್ಲಿರಲಿ. ಅದರ ಹತ್ತಿರ ಒಂದು ಪ್ಲಗ್ ಪಾಯಿಂಟ್ ಕೊಡಿಸಿ, ಇಂಡಕ್ಷನ್ ಒಲೆ ಇಟ್ಟರೆ ದೋಸೆಯನ್ನು ಕೂತಲ್ಲೇ ಹುಯ್ಯಬಹುದು. ಎಲೆಕ್ಟ್ರಿಷಿಯನ್ ಗೋಡೆ ಕೊರೆಯುವ ಮೊದಲೇ ಹೇಳಿಬಿಡಿ, ಆಮೇಲೆ ಹೇಳಿದರೆ ಟೈಲ್ಸ್ ಒಡೆಯಬೇಕಾಗುತ್ತದೆ.